ಓಡಿಹೋದವನ ಲೆಕ್ಕ

ವಿಮಾ ಕಂಪನಿಯ ಕ್ಲೇಮ್ ಅರ್ಜಿಯಲ್ಲಿ ನನ್ನ ಬಗ್ಗೆ ಕೇಳದೆ ಬಿಟ್ಟ ಪ್ರಶ್ನೆಯೇ ಇರಲಿಲ್ಲ. ಪರವಾನಗಿ ಎಂದಿನವರೆಗೆ ಊರ್ಜಿತ, ಕಾರಿನಲ್ಲಿ ಎಷ್ಟು ಜನರಿದ್ದರು, ಎಲ್ಲಿಂದ ಎಲ್ಲಿಗೆ ಹೊರಟಿದ್ದಿರಿ, ಯಾವ ವೇಗದಲ್ಲಿದ್ದಿರಿ, ಮದ್ಯ ಸೇವಿಸಿದ್ದಿರಾ. ಗುದ್ದಿ ಓಡಿಹೋದವನಿಗೆ ಮೀಸಲಾಗಿದ್ದದ್ದು ಗೇಣುದ್ದದ ಒಂದು ಗೆರೆ. ವೇಗದ ಮುಂದೆ ‘ಸೊನ್ನೆ’ ಎಂದೂ ಆ ಗೆರೆಯ ಮೇಲೆ ‘ಅಪರಿಚಿತ ವಾಹನ’ ಎಂದೂ ಬರೆದು ಸಹಿ ಹಾಕಿದೆ.

ನಡೆದದ್ದು ಇಷ್ಟು. ಬೆಂಗಳೂರಿನ ಕೋಣನಕುಂಟೆ ಕಡೆಯ ಛತ್ರವೊಂದರಲ್ಲಿ ಆರತಕ್ಷತೆಯ ಊಟ ಮುಗಿಸಿಕೊಂಡು ಅಮ್ಮನನ್ನು ಕರೆದುಕೊಂಡು ಮನೆಗೆ ಹೊರಟಿದ್ದೆ. ಸಾರಕ್ಕಿ ಸಿಗ್ನಲ್‌ನಲ್ಲಿ ಕೆಂಪು ದೀಪವಿತ್ತು, ನಿಂತಿದ್ದೆ. ಹಿಂದಿನಿಂದ ಬಂದ ಸರಕು ಟೆಂಪೊ ನನ್ನ ಬಲಕ್ಕಿದ್ದ ಇಷ್ಟಗಲ ಜಾಗದಲ್ಲಿ ನುಗ್ಗಲು ಹೋಗಿ ಕಾರಿನ ಬಲ ಹಿಂಬದಿಗೆ ಗುದ್ದಿತು. ಅಮ್ಮನ ಮಡಿಲಲ್ಲಿದ್ದ ತಾಂಬೂಲದ ಚೀಲದಿಂದ ತೆಂಗಿನಕಾಯಿ ಉರುಳಿ ನನ್ನ ಕಾಲಬಳಿ, ಸರಿಯಾಗಿ ಬ್ರೇಕಿನ ಕೆಳಗೆ ಬಂದು ಕುಳಿತಿತು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಇಳಿಯುವಷ್ಟರಲ್ಲಿ ಟೆಂಪೊದವನು ಎರಡು ಅಡಿ ಹಿಂದಕ್ಕೆ ತೆಗೆದುಕೊಂಡು, ಸ್ಟಿಯರಿಂಗ್ ತಿರುಗಿಸಿ, ಕೆಂಪು ದೀಪವನ್ನೂ ದಾಟಿ ಬನಶಂಕರಿ ಕಡೆಗೆ ಹೋಗಿಬಿಟ್ಟಿದ್ದ. ನನಗೆ ಕಂಡದ್ದು ಹಳದಿ ಬೋರ್ಡು ಮತ್ತು ಕಟ್ಟದೆ ಬಿಟ್ಟ ನೀಲಿ ಟಾರ್ಪಾಲು. ಬೋರ್ಡಿನ ಮೇಲಿನ ಅಂಕಿಗಳು ಮಣ್ಣು ಮೆತ್ತಿಕೊಂಡಿದ್ದವು.

“ಜೀವಕ್ಕೆ ಏನೂ ಆಗಲಿಲ್ಲವಲ್ಲ, ಬಿಡು” ಎಂದರು ಅಮ್ಮ. ಆಮೇಲೆ ಇದನ್ನೇ ನೆರೆಯವರೂ ಕಚೇರಿಯವರೂ ಹೇಳಿದರು. ಮಾತಿನಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಊರಿನಲ್ಲಿ ಗುದ್ದಿದವರು ಇಷ್ಟು ನಿಶ್ಚಿಂತೆಯಿಂದ ಓಡಿಹೋಗುವುದಕ್ಕೆ ಈ ‘ಬಿಡು’ವಿನ ಪಾಲೂ ಇದೆ ಎಂದು ನನಗೆ ಅನ್ನಿಸುತ್ತದೆ. ನಾನು ಬಿಡಲಿಲ್ಲ. 112ಕ್ಕೆ ಕರೆ ಮಾಡಿದೆ. ಪೊಲೀಸರ ಹೊಯ್ಸಳ ಗಸ್ತು ವಾಹನ ಬಂತು, ಅದರಲ್ಲಿದ್ದವರು ಅಮ್ಮನಿಗೆ ಪೆಟ್ಟಾಗಿದೆಯೇ ಎಂದು ವಿಚಾರಿಸಿ, ಫೋಟೊ ತೆಗೆದುಕೊಳ್ಳಲು ಹೇಳಿ, ಬೆಳಿಗ್ಗೆ ಸಂಚಾರ ಠಾಣೆಗೆ ಹೋಗಿ ಎಂದರು. ಅಪಘಾತದ ದೂರು ಮನೆಯ ಹತ್ತಿರದ ಕಾನೂನು ಸುವ್ಯವಸ್ಥೆ ಠಾಣೆಗೆ ಸಲ್ಲುವುದಿಲ್ಲ. ಬೆಂಗಳೂರಿನಲ್ಲಿ ಅದಕ್ಕೆ ಸಂಚಾರ ಠಾಣೆಯೇ ಬೇರೆ.

ಠಾಣೆಯಲ್ಲಿ ಮೊದಲು ಕೇಳಿದ್ದು ಮೆಟ್ರೊ ಕಂಬದ ಸಂಖ್ಯೆ. ಕಂಬದ ಈಚೆಗಾದರೆ ತಮ್ಮದು, ಆಚೆಗಾದರೆ ಪಕ್ಕದ ಠಾಣೆಯದು. ಪುಣ್ಯಕ್ಕೆ ರಾತ್ರಿ ತೆಗೆದ ಫೋಟೊದಲ್ಲಿ ಸಂಖ್ಯೆ ಸ್ಪಷ್ಟವಾಗಿತ್ತು, ನಾನು ಈಚೆಯವಳಾದೆ. ನನ್ನ ಪಾಡಿಗೆ ನಾನು ಬರೆದುಕೊಂಡು ಹೋಗಿದ್ದ ದೂರನ್ನು ಎಎಸ್‌ಐ ಓದಿ, ನಕ್ಕು, ತಾವೇ ಹೇಳಿ ಬರೆಸಿದರು: “ಅತಿ ವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು, ನಿಂತಿದ್ದ ನನ್ನ ಕಾರಿಗೆ ಹಿಂಬದಿಯಿಂದ ಡಿಕ್ಕಿ ಹೊಡೆದು, ವಾಹನವನ್ನು ನಿಲ್ಲಿಸದೆ ಪರಾರಿಯಾಗಿರುತ್ತಾನೆ.” ದೂರು ಸ್ವೀಕರಿಸಿದ್ದೇವೆ ಎಂಬ, ಮೊಹರು ಹಾಕಿದ ಹಿಂಬರಹವೊಂದು ಸಿಕ್ಕಿತು. ಯಾರಿಗೂ ಗಾಯವಾಗಿಲ್ಲ, ನಂಬರೂ ಇಲ್ಲ, ವಿಮೆಗೆ ಇಷ್ಟು ಸಾಕು ಎಂದರು. ವಿಮಾ ಕಂಪನಿಯ ಸಹಾಯವಾಣಿಯವರಿಗೆ ಮಾತ್ರ ಸಾಕಾಗಲಿಲ್ಲ. ಎಫ್‌ಐಆರ್ ಇಲ್ಲದಿದ್ದರೆ ಕ್ಲೇಮ್ ಮುಂದಕ್ಕೆ ಹೋಗುವುದಿಲ್ಲ ಎಂದು ಪಟ್ಟು ಹಿಡಿದರು. ವಾದ ಮಾಡುವ ಬದಲು, ಪಾಲಿಸಿಯ ಯಾವ ಷರತ್ತಿನಲ್ಲಿ ಹಾಗಿದೆ ಎಂದು ತಿಳಿಸಿ ಎಂದು ಇಮೇಲ್ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಹಿಂಬರಹ ಸ್ವೀಕಾರವಾಗಿದೆ ಎಂಬ ಎಸ್‌ಎಂಎಸ್ ಬಂತು.

ಸಿಗ್ನಲ್ ಪಕ್ಕದ ಬೇಕರಿಯವರು ತಮ್ಮ ಕ್ಯಾಮೆರಾದ ದೃಶ್ಯ ತೋರಿಸಿದರು, ಬೇಡವೆಂದರೂ ಚಹಾ ಕೊಟ್ಟರು. ಟೆಂಪೊ ಬರುವುದು, ಗುದ್ದುವುದು, ಹೋಗುವುದು ಎಲ್ಲ ಇತ್ತು. ನಂಬರ್ ಪ್ಲೇಟ್ ಇರಬೇಕಾದಲ್ಲಿ ಹಿಂದಿನ ವಾಹನದ ಹೆಡ್‌ಲೈಟಿನ ಬೆಳಕು ತುಂಬಿತ್ತು.

ಆ ಸಂಖ್ಯೆಗೆ ಎಷ್ಟು ಬೆಲೆಯಿದೆ ಎಂದು ವಿವರಿಸಿದವರು ವಕೀಲರಾದ ನಮ್ಮ ಭಾವ. ಸಂಖ್ಯೆ ಸಿಕ್ಕಿದ್ದರೆ ಆ ಟೆಂಪೊದ ಥರ್ಡ್ ಪಾರ್ಟಿ ವಿಮೆಯಿಂದಲೇ, ಅಂದರೆ ಬೇರೆಯವರಿಗೆ ಮಾಡಿದ ಹಾನಿಯನ್ನು ತುಂಬಿಕೊಡುವ ವಿಮೆಯಿಂದ, ನನ್ನ ಕಾರಿನ ಹಾನಿಯನ್ನು ಕೇಳಬಹುದಿತ್ತಂತೆ. ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಆ ಕೆಲಸ ಮಾಡುತ್ತದೆ. “ಸರ್ಕಾರದ ಹಿಟ್ ಅಂಡ್ ರನ್ ಪರಿಹಾರ ಎಂದು ಒಂದು ಇದೆಯಲ್ಲ ಭಾವ?” ಎಂದು ಕೇಳಿದೆ. ಇದೆ. 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೂ ಮೊದಲು 25,000 ಮತ್ತು 12,500 ಇತ್ತೆಂದು ಕೇಳಿ ಬೇಸರವಾಯಿತು. ಆದರೆ ಅದು ಮನುಷ್ಯರಿಗೆ, ವಾಹನಕ್ಕಲ್ಲ. “ನಿನಗೆ ಉಳಿದಿರುವುದು ನಿನ್ನದೇ ಪಾಲಿಸಿಯ ಓನ್ ಡ್ಯಾಮೇಜ್ ಭಾಗ, ಸ್ವಂತ ಕಾರಿನ ಹಾನಿಗೆ ಕೊಡುವಂಥದ್ದು. ಅಂದರೆ ಅವನು ಮಾಡಿದ್ದಕ್ಕೆ ನೀನು ಕ್ಲೇಮ್ ಮಾಡಬೇಕು” ಎಂದರು.

ಇಲ್ಲಿಂದ ಮುಂದಿನದು ನನಗೆ ಸಿಗ್ನಲ್‌ನ ಪೆಟ್ಟಿಗಿಂತ ಹೆಚ್ಚು ಉರಿಯಿತು. ವರ್ಷ ಪೂರ್ತಿ ಕ್ಲೇಮ್ ಮಾಡದವರಿಗೆ ಪ್ರೀಮಿಯಂನ ಈ ಭಾಗದಲ್ಲಿ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಸಿಗುತ್ತದೆ: ಮೊದಲ ವರ್ಷ ಶೇ 20, ಆಮೇಲೆ 25, 35, 45, ಕೊನೆಗೆ 50. ನಾನು ಆ ಶೇ 50ರಲ್ಲಿ ಕುಳಿತಿದ್ದೆ. ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣಕ್ಕೆ ಅದು ಸೊನ್ನೆ. ತಪ್ಪು ಯಾರದೆಂದು ಬೋನಸ್ ಕೇಳುವುದಿಲ್ಲ. ಕ್ಲೇಮ್ ಆಯಿತೋ ಇಲ್ಲವೋ, ಅಷ್ಟೇ. ಕೆಂಪು ದೀಪಕ್ಕೆ ನಿಂತವಳೂ ಕುಡಿದು ಕಂಬಕ್ಕೆ ಗುದ್ದಿದವನೂ ಇಲ್ಲಿ ಒಂದೇ ಸಾಲಿನವರು ಎಂದು ರೇಗಿದೆ. “ಕುಡಿದವನಿಗೆ ಕ್ಲೇಮೇ ಸಿಗುವುದಿಲ್ಲ” ಎಂದು ಭಾವ ತಿದ್ದಿದರು. ವಕೀಲರ ಸಮಾಧಾನ ಇಷ್ಟೇ.

ನನ್ನ ಹೊಟ್ಟೆಪಾಡು ಲೆಕ್ಕಪತ್ರದ್ದು. ಗ್ಯಾರೇಜಿನ ಎಸ್ಟಿಮೇಟ್ ಮುಂದಿಟ್ಟುಕೊಂಡು ಕುಳಿತೆ. ಹಿಂದಿನ ಬಂಪರ್ 5,200, ಟೇಲ್ ಲ್ಯಾಂಪ್ 3,800, ಡಿಕ್ಕಿಯ ಬಾಗಿಲು 14,000, ಟಿಂಕರಿಂಗ್ ಮತ್ತು ಜೋಡಣೆಯ ಕೂಲಿ 6,000, ಪೇಂಟಿಂಗ್ 12,000. ಒಟ್ಟು 41,000. ಕಾರಿಗೆ ಐದು ವರ್ಷ ದಾಟಿತ್ತು, ಬಿಡಿಭಾಗಗಳ ಸವಕಳಿಯನ್ನು ಕಳೆಯದೆ ಹಣ ಕೊಡುವ ಜೀರೊ ಡೆಪ್ರಿಸಿಯೇಶನ್ ರಕ್ಷಣೆ ಇರಲಿಲ್ಲ. ಹಾಗಾಗಿ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಹಣ ಕಡಿತ, ಆ ವಯಸ್ಸಿನ ಲೋಹಕ್ಕೆ ಶೇ 40 ಕಡಿತ. ಬಣ್ಣದ ಬಿಲ್ಲಿನಲ್ಲಿ ಕಾಲುಭಾಗವನ್ನು ಸಾಮಗ್ರಿಯೆಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಕೂಲಿಗೆ ಕಡಿತವಿಲ್ಲ. ಕೊನೆಯಲ್ಲಿ 1,500 ಸಿಸಿಯೊಳಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ರೂಪಾಯಿ. ಎಲ್ಲ ಸೇರಿಸಿದರೆ ಕಂಪನಿ ಕೊಡಬೇಕಾದದ್ದು 28,400, ನನ್ನ ಕೈಯಿಂದ 12,600.

ಇನ್ನೊಂದು ಕಡೆ ಬೋನಸ್. ಕ್ಲೇಮ್ ಆದ ಮೇಲೆ ಮೊದಲ ವರ್ಷ ಶೇ 50 ಕಳೆದುಕೊಳ್ಳುತ್ತೇನೆ. ಮರುವರ್ಷ 20 ಸಿಕ್ಕರೂ 30 ಹೋಗುತ್ತದೆ, ಆಮೇಲೆ 25, 15, 5. ಮತ್ತೆ ಶೇ 50ಕ್ಕೆ ಏರುವಷ್ಟರಲ್ಲಿ ಹೋದದ್ದು ಒಟ್ಟು ಶೇ 125, ಅಂದರೆ ಒಂದೂಕಾಲು ವರ್ಷದ ಪ್ರೀಮಿಯಂ. ಬೋನಸ್ ಕಳೆಯುವ ಮುಂಚೆ ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ ಸುಮಾರು 8,000 ಇತ್ತು. ಆ ಲೆಕ್ಕಕ್ಕೆ ಸುಮಾರು 10,000 ರೂಪಾಯಿ. ರಿಪೇರಿ ಅದಕ್ಕಿಂತ ಕಡಿಮೆಯದಾಗಿದ್ದರೆ ತೆಪ್ಪಗೆ ಬೀದಿಯ ಟಿಂಕರಿಂಗ್ ಅಂಗಡಿಯಲ್ಲಿ ಬಡಿಸಿಕೊಂಡು ಬರುವುದೇ ಲಾಭ. ಇಲ್ಲಿ 28,400 ಬರುವುದಿತ್ತು. ಕ್ಲೇಮ್ ಮಾಡಿದೆ. ಆದರೂ ಹಾಳೆಯ ಕೆಳಗೆ ಗೆರೆ ಎಳೆದು ಕೂಡಿದಾಗ, ಯಾರೋ ಮಾಡಿದ ಹಾನಿಯಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ತಲೆಯ ಮೇಲೆಯೇ ಇತ್ತು.

ಹಾನಿಯನ್ನು ಅಂದಾಜು ಮಾಡುವ ವಿಮೆಯ ಸರ್ವೇಯರ್ ಬಂದದ್ದು ಗ್ಯಾರೇಜಿನ ಊಟದ ವೇಳೆಗೆ. ಐವತ್ತು ದಾಟಿದವರು, ಮಾತು ಕಡಿಮೆ. ನೆಲಕ್ಕೆ ಮಂಡಿಯೂರಿ, ಮೊಬೈಲಿನ ಬೆಳಕು ಹಾಯಿಸಿ, ಬಂಪರಿನ ಬಿಳಿಯ ಮೇಲೆ ಅಂಟಿದ್ದ ಹಳದಿ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದರು. ಪುಡಿ ಬೆರಳಿಗೆ ಬಂತು. “ಗೀರು ಉದ್ದಕ್ಕೆ ಎಳೆದಿಲ್ಲ. ನಿಂತಿದ್ದ ಗಾಡಿಗೆ ಬಿದ್ದ ಪೆಟ್ಟು” ಎಂದರು. ಇಷ್ಟು ಹೊತ್ತೂ ನನ್ನನ್ನು ನಂಬಿದವರು ಇದ್ದರೋ ಇಲ್ಲವೋ, ಕಾರನ್ನು ಓದಬಲ್ಲವರೊಬ್ಬರು ಸಿಕ್ಕರಲ್ಲ ಎಂದು ಖುಷಿಯಾಯಿತು. ಆ ಖುಷಿ ಎಡಬದಿಗೆ ಬರುವವರೆಗೆ ಮಾತ್ರ. ಅಲ್ಲಿ ನಮ್ಮ ಬೀದಿಯ ಯಾವುದೋ ಬೈಕಿನ ಕೊಡುಗೆಯಾಗಿದ್ದ ಹಳೆಯ ಗೀರಿಗೆ ಸುಣ್ಣದ ಬಳಪದಿಂದ ಸುತ್ತು ಹಾಕಿ, “ಇದು ಸೇರುವುದಿಲ್ಲ ಮೇಡಂ” ಎಂದರು. ಸೇರಬೇಕೆಂದು ನಾನು ಕೇಳಿಯೂ ಇರಲಿಲ್ಲ.

ಜಗಳ ನಡೆದದ್ದು ಡಿಕ್ಕಿಯ ಬಾಗಿಲಿನ ಮೇಲೆ. ಹೊಸದು ಬೇಡ, ಬಡಿದು ಸರಿಮಾಡಿ ಎಂದು ಅವರು. ಆಗುವುದಿಲ್ಲ ಎಂದು ಗ್ಯಾರೇಜಿನ ಮೇಲ್ವಿಚಾರಕ. ಇಬ್ಬರ ನಡುವೆ ನಾನು ಬಾಗಿಲು ತೆರೆದು ಮುಚ್ಚಿ ತೋರಿಸಿದೆ. ಮುಚ್ಚಿದ್ದು ಮತ್ತೆ ತೆರೆದುಕೊಂಡಿತು. ಒಳಗಿನ ಹೊದಿಕೆ ಕಳಚಿದಾಗ ಬೀಗ ಕೂರುವ ಚೌಕಟ್ಟೇ ಬಾಗಿದ್ದು ಕಂಡಿತು. ಅವರು ಸುಮ್ಮನೆ ಫೋಟೊ ತೆಗೆದುಕೊಂಡು ‘ಬದಲಾವಣೆ’ ಎಂದು ಬರೆದರು. ಹೊದಿಕೆ ಕಳಚಿ ನೋಡಿ ಎಂದು ಹೇಳಿದ್ದು, ನೆಲ ಗುಡಿಸುತ್ತಿದ್ದ ಹದಿನೆಂಟರ ಹುಡುಗ. ಅವನಿಗೆ ಅಲ್ಲಿ ಯಾರೂ ಧನ್ಯವಾದ ಹೇಳಲಿಲ್ಲ, ನಾನು ಹೇಳಿದೆ.

ಹಣ ಗ್ಯಾರೇಜಿಗೆ ನೇರವಾಗಿ ಹೋಯಿತು. ನನ್ನ ಲೆಕ್ಕಕ್ಕಿಂತ ಒಂದೆರಡು ನೂರು ಕಡಿಮೆ ಬಂದಿತ್ತು, ಕ್ಲಿಪ್ಪು, ಸ್ಕ್ರೂಗಳೆಂದು ಕಾರಣ ಬರೆದಿದ್ದರು. ಅದಕ್ಕೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ, ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ ಕಚೇರಿಯ ಮೆಟ್ಟಿಲು ಹತ್ತುವುದು ಬೇಡವೆಂದು ಬಿಟ್ಟೆ.

ನವೀಕರಣದ ಸಮಯಕ್ಕೆ ಕಂಪನಿಯಿಂದ ಹುಡುಗಿಯೊಬ್ಬಳು ಕರೆ ಮಾಡಿ, ಸ್ವಲ್ಪ ಹೆಚ್ಚು ಕಟ್ಟಿದರೆ ಬೋನಸ್ ರಕ್ಷಣೆಯ ಸೌಲಭ್ಯ ಸಿಗುತ್ತದೆ, ಕ್ಲೇಮ್ ಮಾಡಿದರೂ ಬೋನಸ್ ಹೋಗುವುದಿಲ್ಲ ಎಂದಳು. ಈಗ ನನ್ನ ಬೋನಸ್ ಎಷ್ಟಿದೆ ನೋಡಿ ಹೇಳಮ್ಮ ಎಂದೆ. ಕೀಲಿಮಣೆಯ ಸದ್ದು ಕೇಳಿಸಿತು. “ಸೊನ್ನೆ ಇದೆ ಮೇಡಂ” ಎಂದವಳು ತಾನೇ ನಕ್ಕುಬಿಟ್ಟಳು. ಆ ಸೌಲಭ್ಯ ಬೇಡವೆಂದು ಹೇಳಿ, ಉಳಿಸಿದ ಹಣಕ್ಕೆ ಇನ್ನಷ್ಟು ಸೇರಿಸಿ ಹಿಂದಿನ ಗಾಜಿಗೆ ಕ್ಯಾಮೆರಾ ಹಾಕಿಸಿದೆ. ರಾತ್ರಿಯಲ್ಲೂ ನಂಬರ್ ಪ್ಲೇಟ್ ಓದುತ್ತದೆಯೇ ಎಂದು ಅಂಗಡಿಯವನ ಸ್ಕೂಟರನ್ನೇ ಹಿಂದೆ ನಿಲ್ಲಿಸಿ, ದೀಪ ಹಾಕಿಸಿ, ಪರೀಕ್ಷೆ ಮಾಡಿದ ಮೇಲೆಯೇ ದುಡ್ಡು ಕೊಟ್ಟೆ.