ಭಟ್ರೇ, ಮದುವೆ ಮಂತ್ರದಲ್ಲಿ ಕಾಮ ಯಾಕೆ?

ನಾನು ಮದುವೆ ಮಾಡಿಸುವ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಸುತ್ತ ನೋಡಿ, ದನಿ ತಗ್ಗಿಸಿ. ಆ ದನಿ ತಗ್ಗಿಸುವುದೇ ನನಗೆ ಆಗುವುದಿಲ್ಲ. ಕದ್ದ ಮಾಲಿನ ಬಗ್ಗೆ ಕೇಳುವ ಹಾಗೆ ಯಾಕೆ ಕೇಳಬೇಕು?

ವಿಷಯ ಇಷ್ಟು. ಧಾರೆಯ ಹೊತ್ತಿಗೆ ಹುಡುಗಿಯ ತಂದೆ ವರನಿಗೆ ಹೇಳುವ ಮಾತು: ‘ಧರ್ಮೇ ಚ ಅರ್ಥೇ ಚ ಕಾಮೇ ಚ ತ್ವಯಾ ಏಷಾ ನಾತಿಚರಿತವ್ಯಾ’. ಧರ್ಮದಲ್ಲಿ, ದುಡ್ಡುಕಾಸಿನಲ್ಲಿ, ಕಾಮದಲ್ಲಿ ನೀನು ಇವಳನ್ನು ಮೀರಿ ನಡೆಯಬಾರದು. ವರ ‘ನಾತಿಚರಾಮಿ’ ಅನ್ನುತ್ತಾನೆ. ಮೀರುವುದಿಲ್ಲ ಅಂತ. ನಾಲ್ಕನೆಯ ಪುರುಷಾರ್ಥವಾದ ಮೋಕ್ಷದ ಸುದ್ದಿಯೇ ಇಲ್ಲಿಲ್ಲ, ಗಮನಿಸಿ.

‘ಆಸೆ ಬಿಡು ಅಂತ ಗೀತೆಯಲ್ಲೇ ಇದೆ ಅಲ್ವಾ?’ ಇದೆ. 3ನೇ ಅಧ್ಯಾಯದಲ್ಲಿ ಕೃಷ್ಣ ಕಾಮವನ್ನು ಶತ್ರು ಅನ್ನುತ್ತಾನೆ. ಅದೇ ಕೃಷ್ಣ 7ನೇ ಅಧ್ಯಾಯದಲ್ಲಿ, ಧರ್ಮಕ್ಕೆ ವಿರುದ್ಧವಲ್ಲದ ಕಾಮ ನಾನೇ ಅನ್ನುತ್ತಾನೆ. ಎರಡನ್ನೂ ಓದಿ. ಎಲ್ಲ ಬಿಟ್ಟು ಹೊರಟ ಸನ್ಯಾಸಿಗಳ ದಾರಿ ದೊಡ್ಡದು. ಆದರೆ ಅವರ ನಿಯಮವನ್ನು ತಂದು ಹಸೆಮಣೆ ಮೇಲೆ ಕೂತವರ ತಲೆಗೆ ಕಟ್ಟಬೇಡಿ.

ಇನ್ನು ಕಾಮ ಅಂದರೆ ಬರೀ ಹಾಸಿಗೆ ಅಂದುಕೊಂಡವರಿಗೆ ವಾತ್ಸ್ಯಾಯನನೇ ಉತ್ತರ. ಅವನ ಕಾಮಸೂತ್ರದ 7 ಭಾಗಗಳಲ್ಲಿ ಕೂಡುವ ವಿಷಯಕ್ಕೆ ಮೀಸಲಾದದ್ದು ಒಂದೇ. ಕಿವಿ, ಚರ್ಮ, ಕಣ್ಣು, ನಾಲಿಗೆ, ಮೂಗು ತಮತಮಗೆ ಹಿತವಾದದ್ದರ ಕಡೆ ಮನಸ್ಸಿನೊಂದಿಗೆ ಹೋಗುವುದೇ ಕಾಮ ಅನ್ನುತ್ತಾನೆ ಅವನು. ಹಾಗಾದರೆ ಮಂಟಪದ ಮಲ್ಲಿಗೆ, ವಾಲಗ, ರೇಷ್ಮೆ ಸೀರೆಯ ನುಣುಪು, ತುಪ್ಪ ಹಾಕಿದ ಹೋಳಿಗೆ ಎಲ್ಲ ಅದರೊಳಗೇ ಬಂತು.

ಒಂದು ಮದುವೆಯಲ್ಲಿ ಮಂತ್ರಗಳಿಗೆ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಹುಡುಗಿಯ ದೊಡ್ಡಪ್ಪ ಬಗ್ಗಿ ಕಿವಿಯಲ್ಲಿ ಹೇಳಿದರು: ‘ಭಟ್ರೇ, ಮೈಕ್ ಆನ್ ಇದೆ. ಅದೊಂದನ್ನ ಪ್ರೀತಿ ಅಂದುಬಿಡಿ.’ ಮುಹೂರ್ತ ಮೀರುತ್ತಿತ್ತು. ಪ್ರೀತಿ ಅಂದೆ. ಆ ಹುಡುಗಿ ತಲೆಯೆತ್ತಿ ನನ್ನನ್ನೇ ನೋಡಿದಳು. ಅವಳಿಗೆ ಸಂಸ್ಕೃತ ಗೊತ್ತಿತ್ತೋ ಏನೋ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಯಾಕೆಂದರೆ ಆ ಮಾತು ಅವಳಿಗೆ ಸೇರಿದ್ದು. ಜನ ಕೇಳಬೇಕಾದ ಪ್ರಶ್ನೆಯೇ ಬೇರೆ: ಮೀರುವುದು ಅಂದರೆ ಏನು? ಅದನ್ನು ಯಾರೂ ಕೇಳುವುದಿಲ್ಲ. ಅವಳಿಗೆ ಹೇಳದೆ ಸಾಲ ಮಾಡಿದರೆ ಅರ್ಥದಲ್ಲಿ ಮೀರಿದ ಹಾಗೆ. ಅವಳಿಗೆ ಬೇಕೋ ಬೇಡವೋ ಕೇಳದೆ ಹತ್ತಿರ ಹೋದರೆ ಕಾಮದಲ್ಲಿ ಮೀರಿದ ಹಾಗೆ. ಅವಳಿಗೂ ಆಸೆ ಇದೆ ಅನ್ನುವುದನ್ನೇ ಮರೆತರೆ, ಅದೂ ಮೀರಿದ ಹಾಗೇ. ನಾನು ಈ ಮಾತನ್ನು ಅರ್ಥಮಾಡಿಕೊಂಡಿರುವುದು ಹೀಗೆ. ಕಾಮ ಅನ್ನುವ ಪದ ತೆಗೆದರೆ ವರ ಕೊಡುವ ಮಾತಿನಲ್ಲಿ ಇದಿಷ್ಟೂ ಹೋಗುತ್ತದೆ.

ಈಗ ಮೈಕ್ ಇದ್ದರೂ ಕಾಮ ಅಂತಲೇ ಹೇಳುತ್ತೇನೆ. ಬೇಡ ಅನ್ನುವವರು ದಿನ ಗೊತ್ತು ಮಾಡಲು ಬಂದಾಗಲೇ ಹೇಳಿ. ಬೇರೆ ಪುರೋಹಿತರನ್ನು ನೋಡಿಕೊಳ್ಳಲು ಸಮಯ ಇರುತ್ತದೆ.