ಶಾಸನದ ಚಾನೆಲ್‌ಗೆ ನೋಡುಗರು ಬಂದ ಬಗೆ: ಜೂನ್ 2024ರಿಂದ ಆಗಸ್ಟ್ 2025ರವರೆಗಿನ ದಾಖಲೆ

ಜೂನ್ 2024

ಈ ತಿಂಗಳ ಮೊದಲ ಭಾನುವಾರ ಯೂಟ್ಯೂಬಿನಲ್ಲಿ ಚಾನೆಲ್ ತೆರೆದೆ. ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳಲ್ಲಿರುವ ಶಿಲಾಶಾಸನಗಳನ್ನೂ ವೀರಗಲ್ಲುಗಳನ್ನೂ ಒಂದೊಂದಾಗಿ ತೋರಿಸಿ, ಅವುಗಳ ಮೇಲಿನ ಬರಹವನ್ನು ಅಕ್ಷರಕ್ಕೆ ಅಕ್ಷರ ಓದಿ, ಇಂದಿನ ಕನ್ನಡದಲ್ಲಿ ಅರ್ಥ ಹೇಳಬೇಕೆಂಬುದು ಉದ್ದೇಶ. ವಾರದ ಆರು ದಿನ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಶಾಸನ ಓದುವುದನ್ನು ಕಲಿತದ್ದು ಹತ್ತು ವರ್ಷಗಳ ಸ್ವಂತ ಓದಿನಿಂದ ಮತ್ತು ಬಲ್ಲವರ ಜೊತೆ ಊರೂರು ತಿರುಗಿದ್ದರಿಂದ. ಸಲಕರಣೆ ಎಂದರೆ ಒಂದು ಫೋನ್, ಒಂದು ಟ್ರೈಪಾಡ್, ಅಂಗಿಗೆ ಸಿಕ್ಕಿಸುವ ಮೈಕ್, ಒಂದು ಟಾರ್ಚ್.

ಮೊದಲ ತಿಂಗಳಲ್ಲಿ ನಾಲ್ಕು ವಿಡಿಯೊ ಹಾಕಿದೆ. ನಾಲ್ಕಕ್ಕೂ ಸೇರಿ 212 ವೀಕ್ಷಣೆ, 19 ಚಂದಾದಾರರು. ಅವರಲ್ಲಿ ಬಹುಪಾಲು ನೆಂಟರು, ಕಚೇರಿಯವರು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಪ್ರಸ್ತಾಪವಿದೆ. ಕೆಂಪೇಗೌಡರ ಕಾಲಕ್ಕಿಂತ ಆರೇಳು ಶತಮಾನ ಮೊದಲೇ ಈ ಹೆಸರು ಬಳಕೆಯಲ್ಲಿತ್ತು ಎಂಬುದಕ್ಕೆ ಆ ಕಲ್ಲು ಸಾಕ್ಷಿ. ಇಷ್ಟು ದೊಡ್ಡ ವಿಷಯವನ್ನು ಹೇಳಿದ ವಿಡಿಯೊವನ್ನು 70 ಜನರಷ್ಟೇ ನೋಡಿದರು ಎಂಬುದು ನನಗೆ ನಿಜವಾಗಿಯೂ ನೋವು ತಂದಿತು.

ಆಗಸ್ಟ್ 2024

ತಪ್ಪು ಎಲ್ಲಿದೆ ಎಂದು ಹುಡುಕಲು ಎರಡು ವಾರ ಹೊಸ ವಿಡಿಯೊ ನಿಲ್ಲಿಸಿ, ಯೂಟ್ಯೂಬ್ ಸ್ಟುಡಿಯೊದಲ್ಲಿ ಸಿಗುವ ಅಂಕಿಗಳನ್ನೇ ಓದುತ್ತ ಕುಳಿತೆ. ಅಲ್ಲಿ ನೋಡಬೇಕಾದವು ಎರಡು. ವಿಡಿಯೊದ ಮುಖಚಿತ್ರ (ಥಂಬ್‌ನೇಲ್) ಮತ್ತು ತಲೆಬರಹ ಎಷ್ಟು ಸಲ ಜನರ ಪರದೆಯ ಮೇಲೆ ಬಂತು ಎಂಬುದು ಇಂಪ್ರೆಷನ್. ಹಾಗೆ ಬಂದಾಗ ನೂರಕ್ಕೆ ಎಷ್ಟು ಸಲ ಅದನ್ನು ಒತ್ತಿದರು ಎಂಬುದು ಕ್ಲಿಕ್ ದರ. ಅರ್ಧದಷ್ಟು ಚಾನೆಲ್‌ಗಳ ಕ್ಲಿಕ್ ದರ ಶೇ. 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ಹೇಳುತ್ತದೆ. ನನ್ನದು ಶೇ. 1.8 ಇತ್ತು.

ಕಾರಣ ತಲೆಬರಹದಲ್ಲೇ ಇತ್ತು. 'ಕರ್ನಾಟಕದ ಶಾಸನಗಳು, ಭಾಗ 1', 'ಭಾಗ 2' ಎಂದು ನಾನು ಹೆಸರಿಟ್ಟಿದ್ದೆ. ಇದು ಪುಸ್ತಕದ ಸಂಪುಟಕ್ಕೆ ಒಪ್ಪುವ ಹೆಸರು. ಹಾಗೆಂದು ಟೈಪ್ ಮಾಡಿ ಹುಡುಕುವವರು ಯಾರೂ ಇಲ್ಲ. ಜನ ಹುಡುಕುವುದು ತಮ್ಮ ಊರಿನ ಹೆಸರನ್ನು, ತಮ್ಮ ಊರಿನ ದೇವಸ್ಥಾನದ ಹೆಸರನ್ನು. ಆದ್ದರಿಂದ ಭಾಗಗಳ ಸಂಖ್ಯೆಯನ್ನು ತೆಗೆದುಹಾಕಿ, 'ಬೇಗೂರಿನ ವೀರಗಲ್ಲು: ಬೆಂಗಳೂರು ಎಂಬ ಹೆಸರಿನ ಹಳೆಯ ಸಾಕ್ಷಿ' ಎಂಬಂತೆ ಎಲ್ಲ ತಲೆಬರಹಗಳನ್ನೂ ಬದಲಿಸಿದೆ. ತಲೆಬರಹಕ್ಕೆ ನೂರು ಅಕ್ಷರಗಳ ಅವಕಾಶವಿದ್ದರೂ ಫೋನಿನಲ್ಲಿ ಅರ್ಧವೇ ಕಾಣುವುದರಿಂದ, ಊರಿನ ಹೆಸರು ಮೊದಲ ಪದವಾಗಿಯೇ ಬರಬೇಕು ಎಂದು ನಿಯಮ ಮಾಡಿಕೊಂಡೆ. ಕನ್ನಡ ಮಾತನಾಡುವವರಲ್ಲೂ ಅನೇಕರು ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಾರೆ ಎಂಬುದು ಹುಡುಕಾಟದ ಪದಗಳ ಪಟ್ಟಿಯಿಂದ ತಿಳಿಯಿತು. ಹಾಗಾಗಿ ವಿವರಣೆಯ ಮೊದಲ ಸಾಲಿನಲ್ಲಿ ಹೆಸರನ್ನು ಎರಡೂ ಲಿಪಿಗಳಲ್ಲಿ ಬರೆಯುತ್ತಿದ್ದೇನೆ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳು ತಾಲೂಕುವಾರು, ಊರುವಾರು ಜೋಡಣೆಯಾಗಿವೆ. ಹತ್ತು ವರ್ಷ ಆ ಸಂಪುಟಗಳನ್ನು ತಿರುವಿಹಾಕಿದ ನಾನು ಆ ಜೋಡಣೆಯ ಬೆಲೆಯನ್ನು ಈಗ ಅರಿತೆ.

ತಿಂಗಳ ಕೊನೆಗೆ ಕ್ಲಿಕ್ ದರ ಶೇ. 4.3.

ಅಕ್ಟೋಬರ್ 2024

ಒತ್ತಿ ಒಳಗೆ ಬಂದವರು ನಿಲ್ಲುತ್ತಿಲ್ಲ ಎಂಬುದು ಮುಂದಿನ ತೊಡಕು. ಮೂವತ್ತನೆಯ ಸೆಕೆಂಡಿನ ಹೊತ್ತಿಗೆ ನೂರಕ್ಕೆ 41 ಜನ ಮಾತ್ರ ಉಳಿಯುತ್ತಿದ್ದರು. ನನ್ನ ವಿಡಿಯೊಗಳು ಶಂಖನಾದ, ಚಾನೆಲ್‌ನ ಲಾಂಛನ, ಬಳಿಕ ನನ್ನ ನಮಸ್ಕಾರ ಮತ್ತು ಪೀಠಿಕೆ, ಈ ಕ್ರಮದಲ್ಲಿ ಮೊದಲಾಗುತ್ತಿದ್ದವು. ಕಲ್ಲು ಕಾಣಿಸುವ ಹೊತ್ತಿಗೆ ನಲವತ್ತು ಸೆಕೆಂಡು ಕಳೆದಿರುತ್ತಿತ್ತು. ಕಲ್ಲನ್ನು ನೋಡಲೆಂದೇ ಬಂದವರನ್ನು ಬಾಗಿಲಲ್ಲಿ ಅಷ್ಟು ಹೊತ್ತು ನಿಲ್ಲಿಸುವುದು ಸರಿಯಲ್ಲ.

ಈಗ ವಿಡಿಯೊ ಕತ್ತಲಿನಿಂದಲೇ ಶುರುವಾಗುತ್ತದೆ. ಸವೆದ ಶಾಸನವನ್ನು ನಡು ಮಧ್ಯಾಹ್ನ ನೋಡಿದರೆ ಬರೀ ಬಂಡೆ. ನೇರ ಬಿಸಿಲಿನಲ್ಲಿ ಅಕ್ಷರದ ಗೀರಿಗೆ ನೆರಳೇ ಇರುವುದಿಲ್ಲ. ಸಂಜೆ ಏಳರ ನಂತರ ಟಾರ್ಚನ್ನು ಕಲ್ಲಿನ ಎಡ ಅಂಚಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ವಾಲಿಸಿದರೆ, ಪ್ರತಿ ಗೀರಿನ ಒಂದು ದಡ ಕಪ್ಪಾಗಿ ಇನ್ನೊಂದು ದಡ ಬೆಳ್ಳಗಾಗಿ, 'ಸ್ವಸ್ತಿ ಶ್ರೀ' ಎಂಬ ಎರಡು ಪದಗಳು ಒಳಗಿನಿಂದ ಎದ್ದು ಬಂದಂತೆ ಕಾಣುತ್ತವೆ. ಆ ಕ್ಷಣವನ್ನೇ ಮೊದಲ ಹತ್ತು ಸೆಕೆಂಡಿನಲ್ಲಿ ತೋರಿಸುತ್ತೇನೆ, ಮಾತು ಆಮೇಲೆ. ಅಕ್ಷರ ಕಾಣಲೆಂದು ಸುಣ್ಣ ಬಳಿಯುವುದು, ತಂತಿಯ ಬ್ರಷ್‌ನಿಂದ ಉಜ್ಜುವುದು ಕಲ್ಲನ್ನು ಕೆಡಿಸುವ ಕೆಲಸವಾದ್ದರಿಂದ, ಟಾರ್ಚ್ ಒಂದೇ ಸಾಕು ಎಂಬುದನ್ನು ಪ್ರತಿ ವಿಡಿಯೊದಲ್ಲೂ ಹೇಳುತ್ತಿದ್ದೇನೆ. ಓದಿನಲ್ಲಿ ಸಂಶಯ ಉಳಿದರೆ, ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿರುವ ಪ್ರತಿಗಳನ್ನು ನೋಡುತ್ತೇನೆ.

ಥಂಬ್‌ನೇಲ್‌ಗೂ ಅದೇ ದೃಶ್ಯ: ಎಡಕ್ಕೆ ಹಗಲಿನ ಬೋಳು ಬಂಡೆ, ಬಲಕ್ಕೆ ಟಾರ್ಚ್ ಬೆಳಕಿನ ಅದೇ ಬಂಡೆ. ಪಠ್ಯ, ಅರ್ಥ, ಚಿತ್ರಪಟ್ಟಿಕೆ (ಕಲ್ಲಿನ ಮೇಲೆ ಕೆತ್ತಿದ ಚಿತ್ರಗಳ ಸಾಲು) ಎಂದು ವಿಡಿಯೊವನ್ನು ಅಧ್ಯಾಯಗಳಾಗಿಯೂ ವಿಂಗಡಿಸಿದೆ. ಮೂವತ್ತನೆಯ ಸೆಕೆಂಡಿನಲ್ಲಿ ಉಳಿಯುವವರು ಈಗ ನೂರಕ್ಕೆ 66.

ಡಿಸೆಂಬರ್ 2024

ಗೆಳೆಯರ ಒತ್ತಾಯಕ್ಕೆ ಒಂದು ಶಾರ್ಟ್ಸ್ ಮಾಡಿದೆ. ಆತಕೂರು ಶಾಸನದ ಕಥೆಯನ್ನು 52 ಸೆಕೆಂಡಿನಲ್ಲಿ ಹೇಳಿದೆ. ಗಂಗರ ದೊರೆ ಎರಡನೆಯ ಬೂತುಗನ ಜೊತೆಗಿದ್ದ ಯೋಧ ಮಣಲೆರನ ನಾಯಿ 'ಕಾಳಿ' ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಇಂದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂಬತ್ತು ದಿನಗಳಲ್ಲಿ 61,000 ವೀಕ್ಷಣೆ ಬಂತು. ಚಂದಾದಾರರು 160ರಿಂದ 370ಕ್ಕೆ ಏರಿದರು.

ಆದರೆ ಮುಂದಿನ ವಾರ ಹಾಕಿದ ಹದಿನಾಲ್ಕು ನಿಮಿಷದ ವಿಡಿಯೊಗೆ ಬಂದ ವೀಕ್ಷಣೆ ಎಂದಿನಷ್ಟೇ. ನಾಯಿಯ ಕಥೆಗೆ ಬಂದ 210 ಜನರಲ್ಲಿ ಹೆಚ್ಚಿನವರಿಗೆ ಶಾಸನದ ಮೇಲೆ ಒಲವಿರಲಿಲ್ಲ, ಕಾಳಿಯ ಮೇಲಿತ್ತು. ಯೂಟ್ಯೂಬಿನ ಜಾಹೀರಾತು ಆದಾಯದಲ್ಲಿ ಪಾಲು ಸಿಗಲು ಸಾವಿರ ಚಂದಾದಾರರ ಜೊತೆಗೆ 365 ದಿನಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು; ಆ ಲೆಕ್ಕಕ್ಕೆ ಶಾರ್ಟ್ಸ್ ಸಾಲಿನಲ್ಲಿ ನೋಡಿದ ಸಮಯ ಸೇರುವುದೂ ಇಲ್ಲ. ಶಾರ್ಟ್ಸ್ ಬಿಡುವುದಿಲ್ಲ, ಆದರೆ ಇನ್ನು ಮೇಲೆ ಪ್ರತಿಯೊಂದಕ್ಕೂ ಅದೇ ಕಲ್ಲಿನ ದೀರ್ಘ ವಿಡಿಯೊದ ಕೊಂಡಿ ಜೋಡಿಸುತ್ತೇನೆ. ಆತಕೂರಿನ ದೀರ್ಘ ವಿಡಿಯೊ ಆಗ ಸಿದ್ಧವಿರಲಿಲ್ಲ. ಅದೇ ನಾನು ಮಾಡಿದ ತಪ್ಪು.

ಮಾರ್ಚ್ 2025

ಈ ತಿಂಗಳ ಅನುಭವವನ್ನು ವಿವರವಾಗಿ ಬರೆಯಬೇಕು.

ಮಾಗಡಿ ಸೀಮೆಯ ಒಂದು ಹಳ್ಳಿಯ ಹೊಲದ ಬದುವಿನಲ್ಲಿ ತುರುಗಾಳಗದ, ಎಂದರೆ ದನಗಳಿಗಾಗಿ ನಡೆದ ಕಾಳಗದ, ವೀರಗಲ್ಲೊಂದಿದೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು ಮತ್ತು ಬಿಲ್ಲು ಹಿಡಿದ ವೀರ, ನಡುವಿನದರಲ್ಲಿ ಅವನನ್ನು ಎತ್ತಿ ಒಯ್ಯುತ್ತಿರುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಸಂಜೆ ಟಾರ್ಚ್ ಹಿಡಿದು ಬಗ್ಗಿದ್ದಾಗ ಹಿಂದಿನಿಂದ ಅಜ್ಜಿಯೊಬ್ಬರ ದನಿ ಬಂತು: "ಏನಪ್ಪಾ, ನಿಧಿ ಹುಡುಕಾಕ್ ಬಂದಿದೀಯಾ?" ಶಾಸನದಲ್ಲಿ ನಿಧಿಯ ಗುಟ್ಟಿದೆ ಎಂದು ನಂಬಿ ವೀರಗಲ್ಲುಗಳನ್ನು ಅಗೆದು ಒಡೆದವರು ಬಹಳ ಮಂದಿ ಇರುವುದರಿಂದ, ಆ ಸಂಶಯ ತೀರ ನ್ಯಾಯವಾದದ್ದು. "ಇಲ್ಲಮ್ಮ, ಇದರಲ್ಲಿ ಏನು ಬರೆದಿದೆ ಅಂತ ಓದ್ತಾ ಇದೀನಿ" ಎಂದು ಹೇಳಿ, ಬೆರಳಿನಿಂದ ಸಾಲನ್ನು ತೋರಿಸುತ್ತ ಗಟ್ಟಿಯಾಗಿ ಓದಿದೆ. ಊರಿನ ಹಳೆಯ ಹೆಸರು ಬಂದ ಕೂಡಲೇ ಅವರು ತಡೆದು, "ಇನ್ನೊಂದ್ ಸಲ ಹೇಳು" ಎಂದರು. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ಪ್ರತಿ ವರ್ಷ ಸಂಕ್ರಾಂತಿಗೆ ದನಗಳನ್ನು ತಂದು ಈ ಕಲ್ಲಿಗೆ ಪೂಜೆ ಮಾಡುವವರು ಅವರು. ಅದು ದನಗಳನ್ನು ಉಳಿಸಲು ಸತ್ತವನ ಕಲ್ಲು ಎಂದು ಆ ಸಂಜೆಯೇ ಅವರಿಗೆ ತಿಳಿದದ್ದು.

ಅವರ ಎದುರಿನಲ್ಲೇ, ಅವರ ಪ್ರಶ್ನೆಗಳನ್ನೂ ಸೇರಿಸಿಕೊಂಡು ಚಿತ್ರೀಕರಿಸಿದೆ. ಊರ ಹಿರಿಯರು ಒಂದೇ ಮಾತು ಕೇಳಿಕೊಂಡರು: ಕಲ್ಲು ಇರುವ ಜಾಗದ ಮ್ಯಾಪ್ ಹಾಕಬಾರದು. ಒಪ್ಪಿದೆ, ಬಯಲಿನಲ್ಲಿರುವ ಯಾವ ಕಲ್ಲಿನ ಮ್ಯಾಪನ್ನೂ ಈಗ ಹಾಕುವುದಿಲ್ಲ.

ಆ ವಿಡಿಯೊವನ್ನು ಪ್ರಕಟಿಸಿದ ಮರುಕ್ಷಣವೇ ಅದರ ಕೊಂಡಿಯನ್ನು ಊರಿನ ಯುವಕನೊಬ್ಬನಿಗೆ ಕಳುಹಿಸಿದೆ. ಒಂದು ತಿಂಗಳಲ್ಲಿ 4,300 ವೀಕ್ಷಣೆ ಬಂತು. ನೋಡುಗರು ಎಲ್ಲಿಂದ ಬಂದರು ಎಂಬ ಪಟ್ಟಿ ತೆಗೆದರೆ, ಶೇ. 60ಕ್ಕೂ ಹೆಚ್ಚು ಹೊರಗಿನಿಂದ, ಅದರಲ್ಲೂ ಬಹುಪಾಲು ವಾಟ್ಸ್ಆ್ಯಪ್‌ನಿಂದ. ಊರ ಗುಂಪಿನಿಂದ ಬೆಂಗಳೂರಿನಲ್ಲಿರುವ ಮಕ್ಕಳಿಗೆ, ಅಲ್ಲಿಂದ ದುಬೈಯಲ್ಲಿರುವ ಅಳಿಯನಿಗೆ ಎಂಬಂತೆ ಅದು ಸಾಗಿತ್ತು. ಹೀಗೆ ಬಂದವರು ಸರಾಸರಿ ಏಳು ನಿಮಿಷ ನೋಡಿದ್ದರು. ಅಷ್ಟು ಜನ ಅಷ್ಟು ಹೊತ್ತು ನೋಡಿದ ಮೇಲೆ ಯೂಟ್ಯೂಬೇ ಅದನ್ನು ಪಕ್ಕದ ತಾಲೂಕುಗಳ ಅಪರಿಚಿತರ ಮುಂದೆ ಇಡತೊಡಗಿತು. ಚಂದಾದಾರರು 412ರಿಂದ 730ಕ್ಕೆ ಏರಿದರು, ಅದಕ್ಕಿಂತ ಮುಖ್ಯವಾಗಿ, 23 ಜನ "ನಮ್ಮೂರಲ್ಲೂ ಇಂಥದೊಂದು ಕಲ್ಲಿದೆ, ಬನ್ನಿ" ಎಂದು ಬರೆದರು. ಮುಂದಿನ ವಿಡಿಯೊ ಯಾವುದು ಎಂಬ ಪ್ರಶ್ನೆಗೆ ಈಗ ಅವರೇ ಉತ್ತರ ಕೊಡುತ್ತಿದ್ದಾರೆ.

ನನ್ನ ನೋಡುಗರು ಯಾರು ಎಂಬುದು ಒಂಬತ್ತು ತಿಂಗಳ ನಂತರ ಖಚಿತವಾಯಿತು. 'ಇತಿಹಾಸಾಸಕ್ತರು' ಎಂಬ ಮುಖವಿಲ್ಲದ ಗುಂಪಿಗಾಗಿ ನಾನು ಮಾತನಾಡುತ್ತಿದ್ದೆ. ಆದರೆ ಪ್ರತಿ ಕಲ್ಲಿಗೂ ಒಂದು ಊರಿದೆ, ಆ ಊರಿನವರೇ ಅದರ ಮೊದಲ ನೋಡುಗರು.

ಮೇ 2025

ಒಂದು ದೊಡ್ಡ ತಪ್ಪು ನಡೆಯಿತು. ಅದೇ ಸೀಮೆಯ ಇನ್ನೊಂದು ಕಲ್ಲಿನ ಕಾಲವನ್ನು ಶಕವರ್ಷ 1295 ಎಂದು ಓದಿ, ಅದಕ್ಕೆ 78 ಕೂಡಿಸಿ ಕ್ರಿ.ಶ. 1373 ಎಂದು ಹೇಳಿಬಿಟ್ಟೆ. ಮೂರನೆಯ ದಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದರು: ಶಾಸನದಲ್ಲಿ 'ಸ್ವಭಾನು ಸಂವತ್ಸರ' ಎಂದಿದೆಯಲ್ಲ, 1295ಕ್ಕೆ ಬರುವುದು ಪ್ರಮಾದೀಚ, ಸ್ವಭಾನು ಬೀಳುವುದು 1265ಕ್ಕೆ. ಕಲ್ಲಿಗೆ ಮತ್ತೆ ಹೋಗಿ ನೋಡಿದೆ. ಸವೆದ ಕಲ್ಲಿನ ಮೇಲೆ ೬ ಮತ್ತು ೯ ಒಂದೇ ರೂಪಕ್ಕೆ ಬರುತ್ತವೆ. ಬಾಲದ ತುದಿಯ ಒಂದು ಬಿರುಕನ್ನು ನಾನು ಗೆರೆ ಎಂದು ತಿಳಿದಿದ್ದೆ. ಸರಿಯಾದ ವರ್ಷ ಕ್ರಿ.ಶ. 1343. ಮೂವತ್ತು ವರ್ಷಗಳ ಈ ವ್ಯತ್ಯಾಸದಿಂದ, ಹೊಯ್ಸಳರ ಕೊನೆಗಾಲದ ಕಲ್ಲನ್ನು ನಾನು ವಿಜಯನಗರದ ಬುಕ್ಕರಾಯನ ಕಾಲಕ್ಕೆ ತಳ್ಳಿದ್ದೆ.

ಯೂಟ್ಯೂಬಿನಲ್ಲಿ ವಿಡಿಯೊ ಕಡತವನ್ನು ಬದಲಿಸಲು ಬರುವುದಿಲ್ಲ. ಅಳಿಸಿ ಮತ್ತೆ ಹಾಕಿದರೆ ಬಂದ ವೀಕ್ಷಣೆಯೂ ಹಂಚಿಕೆಯಾದ ಕೊಂಡಿಗಳೂ ಹೋಗುತ್ತವೆ. ಎರಡು ದಿನ ಯೋಚಿಸಿ ಅಳಿಸಿದೆ. ತಪ್ಪು ಇಸವಿ ಹೊತ್ತ ವಿಡಿಯೊ ಆ ಊರಿನ ಗುಂಪಿನಲ್ಲಿ ತಿರುಗುತ್ತಿದ್ದರೆ, ನಾಳೆ ಅದೇ ಇಸವಿ ದೇವಸ್ಥಾನದ ಫಲಕದ ಮೇಲೂ ಬರುತ್ತದೆ. ಹೊಸ ವಿಡಿಯೊದಲ್ಲಿ ಸಂವತ್ಸರದ ಅರುವತ್ತು ವರ್ಷಗಳ ಚಕ್ರದಿಂದ ಇಸವಿಯನ್ನು ತಾಳೆ ನೋಡುವ ಕ್ರಮವನ್ನೂ, ನಾನು ಎಡವಿದ ಜಾಗವನ್ನೂ ತೋರಿಸಿದೆ. ಮೇಷ್ಟ್ರು ಈಗ ಪ್ರತಿ ಪಠ್ಯವನ್ನೂ ಪ್ರಕಟಣೆಗೆ ಮೊದಲೇ ನೋಡಿಕೊಡುತ್ತಿದ್ದಾರೆ. ಇದಕ್ಕೆ ನಾನು ಅವರಿಗೆ ಋಣಿ.

ಆಗಸ್ಟ್ 2025

ಚಂದಾದಾರರು 1,240. ಕಳೆದ 365 ದಿನಗಳ ವೀಕ್ಷಣೆ 2,650 ಗಂಟೆ. ಸಾವಿರ ಚಂದಾದಾರರ ಗಡಿ ದಾಟಿದೆ, 4,000 ಗಂಟೆಗೆ ಇನ್ನೂ ದೂರವಿದೆ. ವಾರಕ್ಕೊಂದು ವಿಡಿಯೊ ಎಂಬ ಹಳೆಯ ನಿಯಮವನ್ನು ಬಿಟ್ಟು ತಿಂಗಳಿಗೆ ಎರಡಕ್ಕೆ ಇಳಿದಿದ್ದೇನೆ. ಊರಿಗೆ ಎರಡು ಸಲ ಹೋಗಿ ಬರಲು ಅಷ್ಟು ಸಮಯ ಬೇಕು. ಇದರಿಂದ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಹೆದರಿದ್ದೆ, ಹಾಗಾಗಲಿಲ್ಲ. ಹಳೆಯ ಬೇಗೂರಿನ ವಿಡಿಯೊಗೆ ಹುಡುಕಾಟದಿಂದಲೇ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಬರುತ್ತಿದ್ದಾರೆ. ಮೊದಲ ತಿಂಗಳಲ್ಲಿ 70 ಜನ ನೋಡಿದ್ದ ವಿಡಿಯೊ ಅದೇ.

23 ಊರುಗಳ ಪಟ್ಟಿಯಲ್ಲಿ ಒಂಬತ್ತು ಮುಗಿದಿವೆ. ಹತ್ತನೆಯದು ಕುಣಿಗಲ್ ಕಡೆಯ ಕೆರೆ ಏರಿಯ ಮೇಲಿನ ಒಂದು ತೂಬಿನ (ಕೆರೆಯ ನೀರು ಹೊರಬಿಡುವ ಕಿಂಡಿಯ) ಕಲ್ಲು; ಕಳುಹಿಸಿದ ಫೋಟೊದಲ್ಲಿ ಅರ್ಧ ಹೂಳಿನಲ್ಲಿದೆ, ಮೇಲಿನ ಮೂರು ಸಾಲು ಮಾತ್ರ ಕಾಣುತ್ತದೆ. ಕೆರೆಯ ನೀರು ಇಳಿಯುವವರೆಗೆ ಕಾಯಬೇಕು ಎಂದು ಆ ಊರಿನವರು ತಿಳಿಸಿದ್ದಾರೆ. ನೀರು ಇಳಿದ ದಿನ ಫೋನ್ ಮಾಡುತ್ತಾರೆ.