ತಪ್ಪು ತೊಗಲಿನದಲ್ಲ ಯವ್ವಾ

"ನನ್ ತೊಗಲೇ ಸುದ್ದ ಇಲ್ರಿ ಅಕ್ಕೋರೆ. ಹುಲ್ಲೇನ್ ಮಾಡ್ತದ?"

ಮಂಗಳವಾರ ಕೇಳಿದ ಮಾತು. ಆವತ್ತಿನಿಂದ ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಮೂಗು ಕಟ್ಟಿ ಎಚ್ಚರ ಆದಾಗ, ಇದೇ ಮಾತು ಬಂದು ನಿಲ್ಲುತ್ತದೆ.

ನಮ್ಮ ಮನೆ ಪಕ್ಕ ಖಾಲಿ ಸೈಟು ಇದೆ. ಕಲಬುರಗಿಯ ಹೊಸ ಬಡಾವಣೆಗಳನ್ನು ಕಂಡವರಿಗೆ ಜಾಸ್ತಿ ಹೇಳಬೇಕಿಲ್ಲ. ಒಂದು ಮನೆ, ಎರಡು ಸೈಟು, ಮತ್ತೊಂದು ಮನೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಸೈಟಿನ ತುಂಬ ಎದೆಮಟ್ಟದ ಕಾಂಗ್ರೆಸ್ ಗಿಡ. ಅದರ ಸಣ್ಣ ಬಿಳಿ ಹೂವು ಬಿಟ್ಟಿತೆಂದರೆ ನಮ್ಮ ಮನೆಯಲ್ಲಿ ಸೀನು ಶುರು. ಕಣ್ಣು ಕೆಂಪು, ಅಂಗುಳ ತುರಿಕೆ, ಮೂಗಿನಲ್ಲಿ ನೀರು. ಜ್ವರ ಮಾತ್ರ ಇಲ್ಲ. ಶೀತವಾದರೆ ವಾರದಲ್ಲಿ ಬಿಡುತ್ತದೆ, ಇದು ತಿಂಗಳುಗಟ್ಟಲೆ ಬಿಡುವುದಿಲ್ಲ. ಆದರೂ ಎಲ್ಲರೂ ಇದನ್ನು ಶೀತ ಅಂತಲೇ ಕರೆದು, ಮೆಡಿಕಲ್ ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗಿ ತೂಕಡಿಸುತ್ತಾರೆ.

ಎದುರು ಮನೆಯ ಕಾಕಾ ಇದಕ್ಕೆಲ್ಲ ತೊಗರಿ ಹೂವೇ ಕಾರಣ ಅಂತಾರೆ. ಊರಾಚೆ ಹೊಲಗಳು ಹಳದಿಯಾಗುವ ಕಾಲಕ್ಕೇ ಅವರಿಗೆ ಸೀನು ಬರುವುದು ನಿಜ. ಆದರೆ ತೊಗರಿಯ ಪರಾಗ ಅಂಟು, ಭಾರ. ಅದನ್ನು ಹೊರುವುದು ಜೇನು, ಗಾಳಿ ಅಲ್ಲ. ನಮ್ಮನ್ನು ಕಾಡುವುದು ಬಹುಪಾಲು ಕಣ್ಣಿಗೆ ಬೀಳದ ಹೂಗಳು. ಹುಲ್ಲು, ಮುಳ್ಳುಹರಿವೆ, ಔಡಲ, ಈ ಕಾಂಗ್ರೆಸ್ ಗಿಡ. ಜೋಳವೂ ಹುಲ್ಲಿನ ಜಾತಿಯದೇ, ತೆನೆ ಹೂವಾದಾಗ ಪರಾಗವನ್ನು ಗಾಳಿಗೆ ಬಿಡುತ್ತದೆ. ನಮ್ಮ ತೊಗರಿಗೆ ಸುಮ್ನೆ ಕೆಟ್ಟ ಹೆಸರು ಬರುವುದು ನನಗೆ ಸಹಿಸುವುದಿಲ್ಲ.

ಮಂಗಳವಾರ ಸೈಟು ಸ್ವಚ್ಛ ಮಾಡಲು ಹೆಣ್ಣಾಳುಗಳು ಬಂದರು. ಬೇರೆ ಊರಲ್ಲಿರುವ ಓನರು ಗುತ್ತೇದಾರನಿಗೆ ಹೇಳಿ ಕಳಿಸಿದ್ದು. ಗಿಡವೆಲ್ಲ ಹೂವಾಗಿ, ಮುಟ್ಟಿದರೆ ಪುಡಿ ಹಾರುವ ಹೊತ್ತು. ಗುತ್ತೇದಾರ ಬೈಕಿನ ಮೇಲೆ ಕೂತಿದ್ದ. ಮೂಗು ಬಾಯಿ ಮುಚ್ಚುವಂತೆ ದಸ್ತಿ ಬಿಗಿದಿದ್ದ. ಹೆಂಗಸರು ಬರಿಗೈಯಲ್ಲಿ ಕೀಳುತ್ತಿದ್ದರು. ನನ್ನ ಸಿಟ್ಟೆಲ್ಲ ಆ ದಸ್ತಿಯ ಮೇಲೆ. ಈ ಗಿಡ ಏನು ಮಾಡುತ್ತದೆ ಅಂತ ಅವನಿಗೆ ಗೊತ್ತಿತ್ತು, ಅಲ್ವಾ? ಗೊತ್ತಿದ್ದದ್ದಕ್ಕೇ ಕಟ್ಟಿಕೊಂಡಿದ್ದ.

ಅವರಲ್ಲೊಬ್ಬ ಹಿರಿಯಳು ನೀರು ಕೇಳಿಕೊಂಡು ಗೇಟಿಗೆ ಬಂದಳು. ಚೊಂಬು ಕೊಡುವಾಗ ಕೈ ನೋಡಿದೆ. ಮಣಿಕಟ್ಟಿನಿಂದ ಮೊಣಕೈ ತನಕ ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು. ಮಡಿಕೆಯಲ್ಲಿ ಸೀಳಿ ರಕ್ತ. ಕಣ್ಣಿನ ರೆಪ್ಪೆ ಊದಿತ್ತು.

"ಇದು ಈ ಕಾಂಗ್ರೆಸ್ ಹುಲ್ಲಿಂದ ಆಗಿದ್ದಲ್ವಾ ಯವ್ವಾ?" ಅಂದೆ.

ಆಗ ಅಂದದ್ದು ಆ ಮಾತು. ನಾನು ಒಪ್ಪಲಿಲ್ಲ. ಅವಳೂ ಬಿಡಲಿಲ್ಲ. "ಎಲ್ಲಾರೂ ಇದೇ ಹುಲ್ಲು ಕೀಳ್ತಾರ್ರಿ. ಅವರಿಗಿ ಏನೂ ಇಲ್ಲ. ನನಗಷ್ಟೇ ಆಗ್ಯಾದ. ಅಂದ್ರ ನಂದೇ ಅಲ್ರಿ?" ಸ್ವಲ್ಪ ಹೊತ್ತು ಬಿಟ್ಟು ಅಂದಳು, "ಸೊಸಿ ಮೊಮ್ಮಗನ್ನ ಎತ್ಕೊಳ್ಳಾಕ ಬಿಡಂಗಿಲ್ರಿ. ಹತ್ತತದ ಅಂತಾಳ. ತಾಟೂ ಬ್ಯಾರೆ ಇಟ್ಟಾಳ."

ಅವಳ ಲೆಕ್ಕ ತಪ್ಪು, ಆದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಈ ಗಿಡದ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಅನ್ನುವ ರಾಸಾಯನಿಕ ಇದೆ. ಮೊದಮೊದಲು ಮುಟ್ಟಿದಾಗ ಏನೂ ಆಗದಿರಬಹುದು. ಮತ್ತೆ ಮತ್ತೆ ತಾಗಿ, ಕೆಲವರ ಮೈ ಒಮ್ಮೆ ಅದನ್ನು ಗುರುತು ಹಿಡಿದರೆ, ಆಮೇಲೆ ಚೂರು ಸೋಕಿದರೂ ಸಾಕು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕೂತರೂ ಏಳುತ್ತದೆ. ಹೆಚ್ಚು ವರ್ಷ ಕಿತ್ತವರಿಗೆ ಹೆಚ್ಚು ಅಪಾಯ. ಅವಳು ಹುಡುಗಿಯಾಗಿದ್ದಾಗಿನಿಂದ ಕಳೆ ಕೀಳುತ್ತಿದ್ದಾಳೆ. ಇನ್ನು ಹತ್ತುವುದು? ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವೇ ಅಲ್ಲ.

ಈ ಗಿಡ ನಮ್ಮ ನೆಲದ್ದೂ ಅಲ್ಲ. ಮೆಕ್ಸಿಕೋ ಕಡೆಯದು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಅಂತ ಹೇಳುತ್ತಾರೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ದೇಶವೆಲ್ಲ ಹಬ್ಬಿತು. ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಇದನ್ನು ತಿನ್ನಲೆಂದೇ ಮೆಕ್ಸಿಕೋದ ಜೀರುಂಡೆ ತರಿಸಿ, 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಜೀರುಂಡೆ ಮಳೆಗಾಲದಲ್ಲಿ ಎಲೆ ತಿನ್ನುತ್ತದೆ. ಆದರೂ ಗಿಡ ಮುಗಿದಿಲ್ಲ.

ನಮ್ಮ ಊರು 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಇಲ್ಲಿ ದೂಳು ಅಳೆಯುತ್ತಾರೆ, ಪಿಎಂ 10, ಪಿಎಂ 2.5 ಅಂತ, ಅಂದರೆ 10 ಮತ್ತು 2.5 ಮೈಕ್ರೋಮೀಟರಿನೊಳಗಿನ ಸಣ್ಣ ಕಣಗಳು. ಒಳ್ಳೆಯ ಕೆಲಸ, ಆಗಲೇಬೇಕು. ಆದರೆ ಪರಾಗದ ಕಣಗಳು ಬಹುಪಾಲು 10 ಮೈಕ್ರೋಮೀಟರಿಗಿಂತ ದೊಡ್ಡವು, ಆ ಲೆಕ್ಕದ ಹೊರಗೇ ಉಳಿಯುತ್ತವೆ. ನಾನು ಮೊಬೈಲಿನಲ್ಲಿ 'ಗಾಳಿ ಚೆನ್ನಾಗಿದೆ' ಅಂತ ಓದುವ ಬೆಳಗ್ಗೆಯೇ ಪಕ್ಕದ ಸೈಟು ಹೂವಾಗಿರುತ್ತದೆ. ಅಳತೆ ಇಲ್ಲದ ನೋವಿಗೆ ಜನ ತಮ್ಮ ಮೈಯನ್ನೇ ಬೈದುಕೊಳ್ಳುತ್ತಾರೆ. ನನಗೆ ಮೂಗು ಸರಿ ಇಲ್ಲ ಅಂತಾರೆ, ಅವಳಿಗೆ ತೊಗಲು ಸರಿ ಇಲ್ಲ ಅಂತಾರೆ. ಗಿಡದ ಹೆಸರು ಯಾರೂ ಎತ್ತುವುದಿಲ್ಲ.

ಗುತ್ತೇದಾರನ ಹತ್ತಿರ ಹೋಗಿ ಕೇಳಿದೆ. ಕೈಗವಸು ಯಾಕೆ ಕೊಟ್ಟಿಲ್ಲ? "ಎಲ್ಲಾ ಕಡಿ ಹಿಂಗೇ ಕೀಳ್ತಾರ್ರಿ ಮೇಡಂ" ಅಂದ. ಕೂಲಿ ಹೊತ್ತಿಗೆ ಸರಿಯಾಗಿ ಕೊಡುತ್ತಾನಂತೆ, ಹೆಂಗಸರೇ ಹೇಳಿದರು. ಕೊಡಲಿ. ಒಂದು ಜೊತೆ ರಬ್ಬರ್ ಕೈಗವಸಿಗೆ ಎಷ್ಟು ಮಹಾ ಖರ್ಚು? ಓನರಿಗೂ ಫೋನ್ ಮಾಡಿದೆ. ಮೊದಲ ಮಳೆಗೆ ಮೊಳೆತ ಮೇಲೆ, ಹೂ ಬಿಡುವ ಮೊದಲೇ, ನೆಲ ಹಸಿ ಇರುವಾಗ ಬೇರುಸಮೇತ ಕೀಳಿಸಿ ಅಂತ ಹೇಳಿದೆ. ಆಗ ಪರಾಗವೂ ಇಲ್ಲ, ಬೀಜವೂ ಇಲ್ಲ. ಕೆಲಸವೂ ಅರ್ಧ. ಅವರು ಕೇಳಿಸಿಕೊಂಡರು. ಜೂನ್‌ನಲ್ಲಿ ಮತ್ತೆ ಫೋನ್ ಮಾಡುತ್ತೇನೆ.

ಯವ್ವನಿಗೆ ಚರ್ಮದ ಡಾಕ್ಟರ ಹತ್ತಿರ ಹೋಗೋಣ ಅಂದೆ. ಕೂಲಿ ಹೋಗ್ತದ ಅಂತ ಹಿಂಜರಿದಳು. ಆ ದಿನದ ಕೂಲಿ ನಾನು ಕೊಡ್ತೀನಿ ಅಂದ ಮೇಲೂ ಒಪ್ಪಲಿಲ್ಲ. ನಿನ್ನೆ ತಾನಾಗಿಯೇ ಗೇಟಿಗೆ ಬಂದು ಕೇಳಿದಳು:

"ಡಾಕ್ಟ್ರು ನನ್ ಸೊಸಿ ಮುಂದ ಹೇಳ್ತಾರೇನ್ರಿ, ಇದು ಹತ್ತಂಗಿಲ್ಲ ಅಂತ?"

ಹೇಳ್ತಾರೆ ಅಂದೆ. ಸೋಮವಾರ ಸೊಸೆಯನ್ನೂ ಮೊಮ್ಮಗನನ್ನೂ ಕರೆದುಕೊಂಡು ಬರುತ್ತಾಳೆ.